ಇಪ್ಪತ್ತೊಂದು ಹತ್ತಿ ಇಪ್ಪತ್ತು ಇಳಿದ ಸೇತುವೆ

ಮೊನ್ನೆ ಅಮ್ಮನ ವೀಸಾ ಕೆಲಸಕ್ಕೆಂದು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಹೋಗಿದ್ದೆ. ಅಲ್ಲಿಯವನು ಹಳೆಯ ಫೈಲೊಂದನ್ನು ಬಿಚ್ಚಿದಾಗ ಕಾರ್ಬನ್ ಕಾಗದದ ವಾಸನೆ ಬಂತು. ಆ ನೀಲಿ, ಎಣ್ಣೆಯಂಥ ವಾಸನೆ... ನಮ್ಮ ಪಕ್ಕದ ಫ್ಲ್ಯಾಟಿನ ಟೈಪಿಂಗ್ ಅಂಕಲ್ ಎದುರಿಗೆ ಬಂದು ನಿಂತಂತಾಯಿತು.

ಅಂಕಲ್ ಮಂಗಳೂರಿನವರು. ಒಂದು ಕಾಲದಲ್ಲಿ ಇಲ್ಲೇ ಒಬ್ಬ ಇಂಗ್ಲಿಷ್ ಇಂಜಿನಿಯರನ ಟೈಪಿಸ್ಟ್ ಆಗಿದ್ದರು. ತನ್ನೂರಿನ ಮುಚ್ಚಿಹೋದ ರೈಲ್ವೆ ನಿಲ್ದಾಣದ ಚರಿತ್ರೆಯನ್ನು ಆತ ಕೈಯಲ್ಲಿ ಬರೆದು ಕೊಡುತ್ತಿದ್ದ, ಇವರು ಟೈಪ್ ಮಾಡುತ್ತಿದ್ದರು. ಒಂದು ಕಾರ್ಬನ್ ಪ್ರತಿ ಇವರ ಫೈಲಿನಲ್ಲಿ ಉಳಿದಿತ್ತು. ಅಂಕಲ್ ಇಂಗ್ಲೆಂಡನ್ನು ಕಂಡವರಲ್ಲ. ಆದರೆ ಶುಕ್ರವಾರ ಸಂಜೆ ಚಹಾ ಹೀರುತ್ತ ಓದಿ ಹೇಳಿದರೆ ಎಲ್ಲ ಕಣ್ಣೆದುರೇ ನಡೆಯುತ್ತಿತ್ತು. ಮೊದಲ ರೈಲಿಗೆ ಊರೆಲ್ಲ ಬ್ಯಾಂಡ್ ಸಮೇತ ಬಂದು ಕಾದದ್ದು, ಮುಂಜಾನೆಯ ಗಾಡಿಗೆ ಹಾಲಿನ ಕ್ಯಾನುಗಳು ಸದ್ದು ಮಾಡುತ್ತ ಬರುತ್ತಿದ್ದದ್ದು, ಯುದ್ಧಕ್ಕೆ ಹೊರಟವರು ಬೆಂಚಿನ ಮೇಲೆ ಹೆಸರು ಕೆತ್ತಿದ್ದು, ಕೊನೆಯ ರೈಲಿಗೆ ಯಾರೋ ಹೂಮಾಲೆ ಹಾಕಿದ್ದು... ರೈಲೇ ಇಲ್ಲದ ಅಬುಧಾಬಿಯಲ್ಲಿ ಬೆಳೆಯುತ್ತಿದ್ದ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಶಾಲೆಯ ಚರ್ಚಾ ತಂಡಕ್ಕೆ ಸೇರಿದ ಮೇಲೆ ಆ ಬಾಯಿ ಮುಚ್ಚಲೇ ಇಲ್ಲ.

ಒಂದು ಸಂಜೆ ಅವರ ಮನೆ ತುಂಬ ಅತಿಥಿಗಳಿದ್ದರು. ನಿಲ್ದಾಣದ ಮೇಲ್ಸೇತುವೆಗೆ ಈ ಕಡೆಯಿಂದ ಇಪ್ಪತ್ತೊಂದು ಮೆಟ್ಟಿಲು, ಆ ಕಡೆಯಿಂದ ಇಪ್ಪತ್ತು ಎಂದು ಅಂಕಲ್ ಓದಿದರು. ನಾನು ಬಿಡುತ್ತೇನೆಯೇ?

"ಹತ್ತಿದಷ್ಟೇ ಇಳೀಬೇಕಲ್ವಾ ಅಂಕಲ್? ಟೈಪಿಂಗ್ ಮಿಸ್ಟೇಕ್! ಖಲಾಸ್!"

ಎಲ್ಲರೂ ನಕ್ಕರು. ಅಂಕಲ್ ನಗಲಿಲ್ಲ. ಟೈಪ್ ಮಾಡಿದ ಪ್ರತಿ ಹಾಳೆಯನ್ನೂ ಕೊನೆಯ ಪದದಿಂದ ಮೊದಲ ಪದದವರೆಗೆ ಹಿಮ್ಮುಖವಾಗಿ ಓದಿ, ಮೂಲದೊಂದಿಗೆ ಹೋಲಿಸಿಯೇ ಕೆಳಗಿಡುತ್ತಿದ್ದ ಮನುಷ್ಯ ಅವರು.

"ವಕೀಲಮ್ಮ, ಬರೆದವ ತಪ್ಪಿರಬಹುದು. ನನ್ನ ಕಾಪಿ ತಪ್ಪುದಿಲ್ಲ."

"ಪುರಾವೆ ಎಂತ ಉಂಟು?"

"ನೀನೇ ಒಂದು ದಿನ ಹೋಗಿ ಎಣಿಸಿ ಬಾ ಮಾರಾಯ್ತಿ."

ಆಮೇಲೆ ನನ್ನೆದುರು ಅವರು ಆ ಫೈಲನ್ನು ತೆರೆಯಲೇ ಇಲ್ಲ. ವಾದ ಗೆದ್ದೆ ಎಂದುಕೊಂಡಿದ್ದೆ.

ಕಳೆದ ವರ್ಷ ಆಫೀಸಿನವರು ಇಂಗ್ಲೆಂಡಿಗೆ ಕಳಿಸಿದಾಗ ಒಂದು ದಿನ ಬಿಡುವು ಮಾಡಿಕೊಂಡು ಆ ಊರಿಗೆ ಬಸ್ಸು ಹತ್ತಿದೆ. ನಿಜ ಹೇಳುತ್ತೇನೆ, ಹೋದದ್ದು ನನ್ನ ಮಾತೇ ಸರಿ ಎಂದು ಖಚಿತಪಡಿಸಿಕೊಳ್ಳಲು. ಹಳಿಗಳಿಲ್ಲ, ಅವುಗಳ ಜಾಗದಲ್ಲಿ ಹುಲ್ಲು. ಕಟ್ಟಡದ ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಸೇತುವೆ ಮಾತ್ರ ಇತ್ತು; ಆಚೆ ಬೀದಿಗೆ ಹೋಗಲು ಜನ ಈಗಲೂ ಅದನ್ನೇ ಬಳಸುತ್ತಾರೆ. ಹತ್ತಿದೆ, ಇಪ್ಪತ್ತೊಂದು. ಆಚೆ ಇಳಿದೆ, ಇಪ್ಪತ್ತು. ಮತ್ತೆ ಎಣಿಸಿದೆ. ಮತ್ತೂ ಇಪ್ಪತ್ತೇ. ಬಗ್ಗಿ ನೋಡಿದರೆ ಆ ಬದಿಯ ಪ್ಲಾಟ್‌ಫಾರ್ಮಿನ ಹಳೆಯ ಕಲ್ಲಿನ ಮೇಲೆ ಇಟ್ಟಿಗೆ ಕಟ್ಟಿ ಎತ್ತರಿಸಿದ್ದರು. ಕೊನೆಯ ಮೆಟ್ಟಿಲು ಅದರಡಿ ಹೂತಿತ್ತು.

ಎಂದೂ ಕಾಣದ ಊರಿನ, ನಿಂತೇಹೋದ ನಿಲ್ದಾಣವೊಂದನ್ನು ಮರಳುಗಾಡಿನ ಒಂದು ಕೋಣೆಯಲ್ಲಿ ಕೂತು, ಒಂದು ಮೆಟ್ಟಿಲೂ ತಪ್ಪದಂತೆ ಕಾಪಾಡಿದ್ದರು ಅವರು! ಆ ತಣ್ಣನೆಯ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ.

ಅಷ್ಟರಲ್ಲಾಗಲೇ ಅಂಕಲ್ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋಗಿ, ಅಲ್ಲೇ ತೀರಿಕೊಂಡು ಎರಡು ವರ್ಷವಾಗಿತ್ತು. ಎಣಿಸಿ ಬಂದೆ ಎಂದು ಯಾರಿಗೆ ಹೇಳಲಿ...

"ಒಮ್ಮೆ ಚೆಕ್ ಮಾಡಿ ಮೇಡಂ," ಎಂದು ಸೆಂಟರಿನವನು ಫಾರ್ಮನ್ನು ನನ್ನತ್ತ ತಳ್ಳಿದ. ಕೊನೆಯ ಪದದ ಮೇಲೆ ಬೆರಳಿಟ್ಟು, ಹಿಮ್ಮುಖವಾಗಿ ಓದತೊಡಗಿದೆ.