ಕೊಡ ನೋಡ್ಕೋ

ದಿನ ಬಿಟ್ಟು ದಿನ ನೀರು ಬರುತ್ತಿದ್ದ ಆ ಕಾಲದಲ್ಲಿ ಹಲಸೂರಿನ ದೊಡ್ಡಮ್ಮನ ಗಲ್ಲಿಗೆ ವಾರದಲ್ಲಿ ಏಳು ದಿನಗಳಿರಲಿಲ್ಲ. ನೀರಿನ ದಿನ, ನೀರಿಲ್ಲದ ದಿನ ಅಂತ ಎರಡೇ. ಇಪ್ಪತ್ತು ಮನೆಗೆ ಒಂದು ನಲ್ಲಿ. ಬೆಳಿಗ್ಗೆ ಆರಕ್ಕೆ ಅದು ಮೊದಲು ಕೆಮ್ಮುತ್ತಿತ್ತು, ಆಮೇಲೆ ತುಕ್ಕಿನ ವಾಸನೆಯ ಕೆಂಪು ನೀರು ಉಗುಳುತ್ತಿತ್ತು, ಅದಾದ ಮೇಲೆ ಒಳ್ಳೆಯ ನೀರು. ತುಕ್ಕಿನ ವಾಸನೆಯ ಜೊತೆಗೆ ಯಾರದೋ ಮನೆಯ ಕಾಫಿ, ಇನ್ಯಾರದೋ ಮನೆಯ ಸಾಂಬ್ರಾಣಿ ಬೆರೆತರೆ ನನಗೆ ಈಗಲೂ ಬೇಸಿಗೆ ರಜೆ ಶುರುವಾದಂತೆ ಅನಿಸುತ್ತದೆ.

ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ ಸರೋಜಮ್ಮ, ನಾನು ರಜೆಗೆ ಅವಳ ಮನೆಗೆ ಹೋಗಿದ್ದ ಒಂದು ವರ್ಷ ನಲ್ಲಿಗೆ ಲೀಡರಾಗಿದ್ದಳು. ನಲ್ಲಿ ತಿರುಗಿಸುವ ಕಬ್ಬಿಣದ ಹಿಡಿಗೆ ಎಲ್ಲರೂ ಕೀ ಅನ್ನುತ್ತಿದ್ದರು. ನೀರು ಪೋಲಾಗದಿರಲೆಂದು ಅದನ್ನು ಕಳಚಿ ಒಬ್ಬರ ಮನೆಯಲ್ಲಿಡುವುದು ಪದ್ಧತಿ. ಮೊದಲು ಇಟ್ಟುಕೊಂಡಿದ್ದವರು ಮನೆ ಬದಲಿಸಿದಾಗ ಗಲ್ಲಿಯವರೇ ಸೇರಿ ಅದನ್ನು ದೊಡ್ಡಮ್ಮನ ಕೈಗೆ ಕೊಟ್ಟಿದ್ದರು.

ಅಲ್ಲಿಯವರೆಗೆ ಸಾಲಿನಲ್ಲಿ ಜನ ನಿಲ್ಲುತ್ತಿರಲಿಲ್ಲ, ಕಲ್ಲು ನಿಲ್ಲುತ್ತಿತ್ತು. ಹಿಂದಿನ ಮಧ್ಯಾಹ್ನವೇ ಒಂದು ಕಲ್ಲೋ ಒಡೆದ ಹೆಂಚೋ ಇಟ್ಟು ಹೋದರೆ ಆ ಜಾಗ ಅವರದು. ನಲ್ಲಿ ಎದುರು ಮನೆಯ ಜಯಮ್ಮ ಆರು ಕಲ್ಲು ಇಡುತ್ತಿದ್ದರು. ಇಂದಿರಾನಗರಕ್ಕೆ ಮನೆಗೆಲಸಕ್ಕೆ ಹೋಗಿ ಸಂಜೆ ಬರುವ ಹೆಂಗಸರಿಗೆ ಸಾಲಿನ ಬಾಲವೇ ಗತಿ. ಅವರ ಸರದಿ ಬರುವಷ್ಟರಲ್ಲಿ ನೀರು ನಿಂತಿರುತ್ತಿತ್ತು.

"ಇನ್ಮೇಲೆ ಕಲ್ಲಿಗೆ ನೀರಿಲ್ಲ," ಅಂದಳು ದೊಡ್ಡಮ್ಮ. "ಮನುಷ್ಯರು ನಿಂತ್ರೆ ನೀರು. ಒಂದ್ಸಲಕ್ಕೆ ಮನೆಗೆ ಎರಡು ಕೊಡ."

"ಕೇಳಿದ್ರಾ, ಮಹಾರಾಣಿಯವರ ಅಪ್ಪಣೆ ಆಯ್ತು," ಅಂದರು ಜಯಮ್ಮ.

ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಆ ಕಲ್ಲುಗಳೆಲ್ಲ ನಮ್ಮ ಹೊಸ್ತಿಲ ಮುಂದೆ, ನಿನ್ನೆಯ ರಂಗೋಲಿಯ ಮೇಲೆ ಗುಡ್ಡೆ ಬಿದ್ದಿದ್ದವು. ದೊಡ್ಡಮ್ಮ ಒಂದೊಂದನ್ನೇ ಗೋಡೆ ಬದಿಗೆ ಸರಿಸಿ, ನೀರು ಚಿಮುಕಿಸಿ, ಮತ್ತೆ ರಂಗೋಲಿ ಹಾಕಿದಳು. ಚಪ್ಪಟೆಯಾದ ಒಂದು ಕಲ್ಲನ್ನು ನನಗೆ ಕೊಟ್ಟು, "ತಗೋ, ಕುಂಟೆಬಿಲ್ಲೆಗಾಯ್ತು," ಅಂದಳು.

ಅಲ್ಲಿಂದ ಗಲ್ಲಿ ಅವಳೊಂದಿಗೆ ಮಾತು ಬಿಟ್ಟಿತು. ಕುಂಕುಮಕ್ಕೆ ಕರೆಯುವವರು ನಮ್ಮ ಮನೆ ದಾಟಿ ಹೋದರು. ಹೊಸ ಕಾನೂನಿನಿಂದ ನೀರು ಸಿಕ್ಕವರೂ ಜಯಮ್ಮನ ಬಾಯಿಗೆ ಹೆದರಿ ತಲೆ ತಗ್ಗಿಸಿ ನಡೆದರು. ಪಕ್ಕದ ಮನೆಯ ಮುನೀರಾ ಆಂಟಿ ಒಬ್ಬರೇ ಒಳಗೆ ಬಂದು, "ಸರೋಜಾ, ಆ ಕೀ ಯಾರ್ಗಾದ್ರೂ ಕೊಟ್ಬಿಡೇ, ನಿಂಗ್ಯಾಕೆ ಬೇಕು ತಲೆನೋವು," ಅನ್ನುತ್ತಿದ್ದರು. ದೊಡ್ಡಮ್ಮ ನಗುತ್ತಿದ್ದಳು, ಕೀ ಮಾತ್ರ ಕೊಡುತ್ತಿರಲಿಲ್ಲ. ಕೊಟ್ಟರೆ ಮರುದಿನವೇ ಕಲ್ಲುಗಳು ಸಾಲಿಗೆ ಮರಳುತ್ತವೆಂದು ಅವಳಿಗೆ ಗೊತ್ತಿತ್ತು. ಸಂಜೆ ದೀಪ ಹಚ್ಚಿ ಒಂದೇ ಮಾತು ಹೇಳುತ್ತಿದ್ದಳು: "ನೋಡ್ಕೊಳಪ್ಪ ಸೋಮೇಶ್ವರ." ಮಂತ್ರವಿಲ್ಲ, ಹರಕೆಯಿಲ್ಲ.

ಅದು ನಲ್ಲಿ ಕಟ್ಟೆಯದೇ ಮಾತು. ತುಂಬಿದ ಕೊಡವನ್ನು ಮನೆಯೊಳಗಿಡಲು ಹೋಗುವವರು, ಉಳಿದ ಖಾಲಿ ಕೊಡವನ್ನು ಹಿಂದಿನವರಿಗೆ ತೋರಿಸಿ "ಕೊಡ ನೋಡ್ಕೋ" ಅಂದುಬಿಟ್ಟರೆ ಮುಗಿಯಿತು. ಎಷ್ಟೇ ಜಗಳವಿರಲಿ, ಆ ಕೊಡವನ್ನು, ಅದರ ಸರದಿಯನ್ನು ಕಾಯಲೇಬೇಕು. ಅದಕ್ಕೆ ತಪ್ಪಿದವರನ್ನು ನಾನು ಕಂಡಿರಲಿಲ್ಲ. ಮೊದಲು ತಪ್ಪಿದವಳು ನಾನೇ.

ಅಂದು ಸಾಲಿನಲ್ಲಿ ಜಯಮ್ಮನ ಹಿಂದೆ ನಾನಿದ್ದೆ. ಮುದುಕಿಯೊಬ್ಬಳ ಕೊಡ ಎತ್ತಿಕೊಡಲು ದೊಡ್ಡಮ್ಮ ಅತ್ತ ಹೋಗಿದ್ದಳು. ಜಯಮ್ಮ ಮೊದಲ ಕೊಡ ಸೊಂಟಕ್ಕೇರಿಸಿ, ಸಿಟ್ಟು ಮರೆತು, ಬರೀ ಅಭ್ಯಾಸಕ್ಕೆ ಅಂದರು: "ಏ ಪುಟ್ಟಿ, ಕೊಡ ನೋಡ್ಕೊಳೇ."

ನನಗೆ ಹೊಸ್ತಿಲ ಕಲ್ಲುಗಳು ನೆನಪಾದವು. ಅವರ ಹಸಿರು ಕೊಡವನ್ನು ಒಯ್ದು ಸಾಲಿನ ಕೊನೆಗಿಟ್ಟು, ನಮ್ಮದನ್ನು ನಲ್ಲಿಯ ಕೆಳಗಿಟ್ಟೆ.

"ನೋಡ್ರಪ್ಪ ಲೀಡರಮ್ಮನ ನ್ಯಾಯ," ಮರಳಿ ಬಂದ ಜಯಮ್ಮ ಗಲ್ಲಿಗೆಲ್ಲ ಕೇಳುವಂತೆ ಅಂದರು. "ನಾವು ಕಲ್ಲಿಡಬಾರ್ದಂತೆ, ಇವರ ಮನೆ ಹುಡುಗಿ ನಮ್ಮ ಕೊಡ ಎತ್ತಿ ಹಾಕ್ಬಹುದಂತೆ. ಸಾಕು, ಇಡ್ರೀ ಆ ಕೀನ ಕೆಳಗೆ."

ದೊಡ್ಡಮ್ಮ ಬಂದಳು. "ನಿಂಗೆ ನೋಡ್ಕೋ ಅಂದಿದ್ರಾ?"

ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ. ಇಲ್ಲ ಅನ್ನಬಹುದಿತ್ತು. "ಹೂಂ," ಅಂದೆ.

"ತಪ್ಪು ನಮ್ದು ಜಯಮ್ಮ," ಅಂದಳು ದೊಡ್ಡಮ್ಮ. ಅರ್ಧ ತುಂಬಿದ್ದ ನಮ್ಮ ಕೊಡವನ್ನು ಅವರ ಕೊಡಕ್ಕೆ ಬಗ್ಗಿಸಿ, ನಮ್ಮವೆರಡನ್ನೂ ಸಾಲಿನ ಕೊನೆಗಿಟ್ಟಳು. ನಮ್ಮ ಸರದಿಗೆ ನಲ್ಲಿ ಒಂದು ಚೊಂಬು ನೀರು ಕೊಟ್ಟು ಬುಸ್ಸೆಂದಿತು. ದೊಡ್ಡಮ್ಮ ಕೀ ಕಳಚಿ ಕಟ್ಟೆಯ ಮೇಲಿಟ್ಟಳು. "ಬೇಕಾದೋರು ತಗೊಳ್ಳಿ. ಕಲ್ಲು ಮಾತ್ರ ಇಡ್ಬೇಡಿ, ಅಷ್ಟೇ ಕೇಳ್ಕೊಳ್ಳೋದು."

ಏಟು ಬೀಳುತ್ತದೆಂದು ನಾನು ಸಂಜೆಯವರೆಗೆ ಕಾದೆ. ಬೀಳಲಿಲ್ಲ. "ಇಷ್ಟು ದಿನ ನಂದು ಸರಿ ಅನ್ನೋ ಧೈರ್ಯದಲ್ಲಿ ದೀಪ ಹಚ್ತಿದ್ದೆ ಕಣೆ," ಅಂದಳು. "ಇವತ್ತು ಆ ಧೈರ್ಯಾನೂ ಇಲ್ಲ." ಆದರೂ ಹಚ್ಚಿದಳು. ಆದರೂ ಅದೇ ಮಾತು: "ಅಲ್ಲೇ ಇಟ್ಟು ಬಂದಿದೀನಿ. ನೋಡ್ಕೊಳಪ್ಪ."

ಮುನೀರಾ ಆಂಟಿ ತಂದಿಟ್ಟ ಒಂದು ಬಕೆಟ್ ನೀರಿನಲ್ಲಿ ಎರಡು ದಿನ ಕಳೆಯಿತು. ತಟ್ಟೆ ತೊಳೆಯಲು ನೀರಿಲ್ಲವೆಂದು ಮುತ್ತುಗದ ಎಲೆಯಲ್ಲಿ ಚಿತ್ರಾನ್ನ ತಿಂದೆವು.

ನೀರಿನ ದಿನ ಹೋಗಿ ನೋಡಿದರೆ ಕೀ ಕಟ್ಟೆಯ ಮೇಲೆ ಇಟ್ಟಲ್ಲೇ ಇತ್ತು. ಸಾಲಿನಲ್ಲಿ ಒಂದು ಕಲ್ಲೂ ಇರಲಿಲ್ಲ. ಆಕಳಿಸುತ್ತಾ ಮನುಷ್ಯರು ನಿಂತಿದ್ದರು. ನಲ್ಲಿ ಕೆಮ್ಮಿತು. ಯಾರೂ ಕೀ ಮುಟ್ಟಲಿಲ್ಲ.

"ಏನ್ ಸರೋಜಮ್ಮ, ಆರತಿ ಎತ್ಬೇಕಾ?" ಮುಂದೆ ನಿಂತಿದ್ದ ಜಯಮ್ಮ ಅಂದರು. "ನೀರು ಬಂತು, ತಿರುಗಿಸಿ."

ದೊಡ್ಡಮ್ಮ ತಿರುಗಿಸಿದಳು. ಜಯಮ್ಮ ಮೊದಲ ಕೊಡ ತುಂಬಿ ಸೊಂಟಕ್ಕೇರಿಸಿ ಸಾಲನ್ನೊಮ್ಮೆ ನೋಡಿದರು. ಅವರ ಹಿಂದೆಯೇ ಮುನೀರಾ ಆಂಟಿ ಇದ್ದರು. ಅವರನ್ನು ಬಿಟ್ಟು, ಗೋಡೆಗೊರಗಿ ಮುಖ ಮರೆಸಿಕೊಂಡಿದ್ದ ನನ್ನ ಕಡೆ ತಿರುಗಿದರು.

"ಏ ಪುಟ್ಟಿ, ಬಾ ಇಲ್ಲಿ. ಕೊಡ ನೋಡ್ಕೋ."

ಅವರು ಬರುವವರೆಗೆ ಆ ಹಸಿರು ಕೊಡದ ಕತ್ತನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ.

ಈಗ ಮಹದೇವಪುರದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆಯೊಂದಕ್ಕೇ ಏಳು ನಲ್ಲಿಗಳಿವೆ. ಈ ವರ್ಷ ಅಲ್ಲಿನ ಸಂಘಕ್ಕೆ ನಾನೇ ಅಧ್ಯಕ್ಷೆ. ಟ್ಯಾಂಕರ್ ನೀರನ್ನು ಎಲ್ಲರಿಗೂ ಸಮನಾಗಿ ಬಿಡಿಸಿದ್ದಕ್ಕೆ ಫೋನಿನ ಗುಂಪಿನಲ್ಲಿ ದಿನವೂ ಬೈಗುಳ ಬೀಳುತ್ತದೆ. ಬೈಗುಳಕ್ಕೆ ಕೊರತೆಯಿಲ್ಲ. ಬೈದವರನ್ನೂ ಬೈಸಿಕೊಂಡವರನ್ನೂ ಮರುದಿನ ಹಿಂದೆ ಮುಂದೆ ನಿಲ್ಲಿಸುವ ಒಂದು ಸಾಲು ಇಲ್ಲ, ಅಷ್ಟೇ. ಫೋನನ್ನು ಮಗುಚಿಟ್ಟು ದೊಡ್ಡಮ್ಮನ ಮಾತನ್ನೇ ಹೇಳಿಕೊಳ್ಳುತ್ತೇನೆ: "ನೋಡ್ಕೊಳಪ್ಪ." ಆ ಮಾತು ಅವಳು ಕೊಟ್ಟದ್ದು. ಅದನ್ನು ನಂಬಬಹುದೆಂದು ತೋರಿಸಿದವರು ಜಯಮ್ಮ.