ಪ್ರಾಜೆಕ್ಟಿಗೆ ಬಂದ ಆನೆ

ಕೊಳ್ಳೇಗಾಲದ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಚಿನ್ನಸ್ವಾಮಿ ಅಟೆಂಡರ್ ಆಗಿ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಲ್ಯಾಬಿನಿಂದ ಲಾಭವೇನೂ ಆಗಿರಲಿಲ್ಲ, ಭಯ ಮಾತ್ರ ಬೇಕಾದಷ್ಟು ಸಿಕ್ಕಿತ್ತು. ಯುಪಿಎಸ್ ಕೀಂ ಕೀಂ ಅಂದರೆ ಭಯ, ಎಚ್‌ಓಡಿ ಹ್ಞೂಂ ಅಂದರೆ ಭಯ, ಹೊರಗಿನಿಂದ ಬಂದ ಪರೀಕ್ಷಕರು ಏನೂ ಅನ್ನದೆ ನೋಡಿದರೆ ಇನ್ನೂ ಭಯ. ಮನೆಯಲ್ಲಿ ಇಲಿಯನ್ನು ಬಾಲ ಹಿಡಿದು ಆಚೆಗೆಸೆಯುವ ಗಂಡಸು ಲ್ಯಾಬಿನ ಮೌಸನ್ನು ಎರಡೇ ಬೆರಳಲ್ಲಿ ಮುಟ್ಟುತ್ತಿದ್ದ. ದೊಡ್ಡವರೆದುರು ಆಡಬೇಕಾದ ಮಾತು ಅವನ ಗಂಟಲವರೆಗೆ ಬರುತ್ತಿತ್ತು. ಅಲ್ಲಿಂದಾಚೆಗೆ ನೆಟ್‌ವರ್ಕ್ ಇರುತ್ತಿರಲಿಲ್ಲ.

ಆದರೂ ಎಂಸಿಎ ಕೊನೆಯ ವರ್ಷದ ತಂಡಗಳು ಪ್ರಾಜೆಕ್ಟಿಗೆಂದು ಗೈಡಿಗಿಂತ ಮೊದಲು ಬರುತ್ತಿದ್ದುದು ಅವನ ಹತ್ತಿರವೇ. ಅವನ ಬಳಿ ನೀಲಿ ರಟ್ಟಿನ ಒಂದು ನೋಟ್‌ಬುಕ್ಕಿತ್ತು. ಯಾವ ವರ್ಷ ಯಾರು ಏನು ಮಾಡಿದರು, ಪರೀಕ್ಷಕರು ಎಲ್ಲಿ ಕೊಕ್ಕೆ ಹಾಕಿದರು, ಎಲ್ಲ ಅದರಲ್ಲಿ.

“ಲೈಬ್ರರಿ ಮ್ಯಾನೇಜ್‌ಮೆಂಟು ಒಂಬತ್ ಸಲ ಆಗ್ಯದೆ, ತಕಬ್ಯಾಡಿ ಕಣ್ರಪ್ಪ. ಆಸ್ಪತ್ರೆ ನಾಕೇ ಸಲ. ಓದ್ಸಲ ಬಂದಿದ್ದ ಸಾಹೇಬ್ರುಗೆ ಶುಗರ್ರು, ಆಸ್ಪತ್ರೆ ಅಂದ್ರೆ ಮನ್ಸು ಕರಗ್ತದೆ.” ಹೀಗೆ ಶಾಸ್ತ್ರ ಹೇಳಿ ಕಳಿಸುತ್ತಿದ್ದ.

ಆ ವರ್ಷ ಎಚ್‌ಓಡಿಯಾಗಿ ಪದ್ಮಿನಿ ಮೇಡಂ ಬಂದರು. ಬಂದ ವಾರವೇ ಕ್ಲಾಸಿನಲ್ಲಿ ಹೇಳಿದರು: “ಟೈಟಲಿನಲ್ಲಿ ಮ್ಯಾನೇಜ್‌ಮೆಂಟ್ ಅಂತಿದ್ದರೆ ನಾನು ಓದೋದೇ ಇಲ್ಲ. ನಿಮ್ಮ ಸುತ್ತ ಯಾರಿಗೆ ಏನು ಕಷ್ಟ ಇದೆ ನೋಡಿ. ಅದಕ್ಕೆ ಸಾಫ್ಟ್‌ವೇರ್ ಮಾಡಿ.”

ನೀಲಿ ನೋಟ್‌ಬುಕ್ಕು ಒಂದೇ ಏಟಿಗೆ ರದ್ದಿಯಾಯಿತು. ಮಾಂಬಳ್ಳಿಯ ದೀಪ, ಕೌದಳ್ಳಿಯ ಮಾದು ಇಬ್ಬರದೂ ಒಂದು ತಂಡ. ಸಪ್ಪೆ ಮುಖ ಹೊತ್ತು ಬಂದು ನಿಂತರು.

“ಸಾ, ನಿಮ್ಗೇನಾದ್ರೂ ಕಷ್ಟ ಅದಾ?” ಅಂದ ಮಾದು.

“ನಂಗಾ? ನಂಗೆ ಭಯ ಕಣಪ್ಪ.”

“ಯಾವುದುರ್ದು?”

“ಆನೇದು.”

ಅದು ನಿಜ. ಉಳಿದ ಭಯಗಳೆಲ್ಲ ಸಂಬಳದ ಜೊತೆ ಬಂದವು. ಇದು ಹುಟ್ಟಿನಿಂದ ಬಂದದ್ದು. ಅವನ ಊರು ಲೊಕ್ಕನಹಳ್ಳಿ. ಕಾಡಿಗೆ ಅಂಟಿದಂತೆ ಎರಡು ಎಕರೆ ಜೋಳ, ನಡುವೆ ಅವರೆ. ಹೊಲ ಕಾಯುವವಳು ಹೆಂಡತಿ ಚೆಲುವಮ್ಮ. ಒಬ್ಬೊಬ್ಬರ ಹೊಲದಲ್ಲೂ ಮರಕ್ಕೊಂದು ಎಣ್ಣೆ ಡಬ್ಬ ಕಟ್ಟಿರುತ್ತಿದ್ದರು. ಆನೆ ಮೊದಲು ಕಂಡವರು ಡಬ್ಬ ಬಡಿದು ಕೂಗಬೇಕು, ಪಕ್ಕದ ಹೊಲದವರು ಆ ಕೂಗನ್ನು ಎತ್ತಿಕೊಂಡು ಮುಂದಕ್ಕೆ ಸಾಗಿಸಬೇಕು. ಚೆಲುವಮ್ಮನ ಕೂಗು ನಾಲ್ಕು ಹೊಲ ದಾಟುತ್ತಿತ್ತು. ಸಂಜೆ ಬಸ್ಸಿಳಿದ ಚಿನ್ನಸ್ವಾಮಿ ಮನೆಯ ದೀಪದ ಬೆಳಕಲ್ಲಿ ಅವಳ ನೆರಳು ಕಾಣುವವರೆಗೂ ಉಸಿರನ್ನು ಅರ್ಧವೇ ಎಳೆದುಕೊಳ್ಳುತ್ತಿದ್ದ.

ತಂಡಕ್ಕೆ ಪ್ರಾಜೆಕ್ಟು ಸಿಕ್ಕಿತು. ಲೊಕ್ಕನಹಳ್ಳಿಯ ಕಾಡಂಚಿನಲ್ಲಿ ನಾಲ್ಕು ಕಂಬ, ಕಂಬಕ್ಕೊಂದು ಮೈಕು. ಆನೆಯ ಸದ್ದು ಕೇಳಿದರೆ ಪ್ರೋಗ್ರಾಂ ಗುರುತಿಸಿ ಊರವರ ಫೋನುಗಳಿಗೆ ಕರೆ ಕೊಡಬೇಕು. ಇಂಟರ್ನೆಟ್ಟಿನಿಂದ ಆರು ನೂರು ಆನೆ ಘೀಳು ತಂದು ಅದಕ್ಕೆ ಪಾಠ ಮಾಡಿದರು. ಲ್ಯಾಬಿನಲ್ಲಿ ದಿನವಿಡೀ ಘೀಳು. ಚಿನ್ನಸ್ವಾಮಿ ಕಸ ಗುಡಿಸುತ್ತಲೇ ಬೆವರುತ್ತಿದ್ದ.

ಮೇಡಂ ಮೆಚ್ಚಿಕೊಂಡ ದಿನ ಟೀ ತಂದವನು ಅವನೇ. ಟ್ರೇ ಹಿಡಿದು ನಿಂತಾಗ, ಸತ್ತ ಅಪ್ಪನ ಮಾತು ಗಂಟಲಿಗೆ ಬಂತು: ‘ಆನೆ ಬರಾದು ಕೇಳಲ್ಲ ಕಣ್ಲಾ ಮಗ, ಓಗಾದು ಕೇಳ್ತದೆ. ಅದ್ರ ಪಾದ ಅತ್ತಿ ದಿಂಬಿದ್ದಂಗೆ.’

“ಏನು ಚಿನ್ನಸ್ವಾಮಿ?” ಮೇಡಂ ತಲೆಯೆತ್ತಿದರು.

“ಸಕ್ರೆ ಸಾಕಾ ಮೇಡಂ ಅಂತ.”

ಮೊದಲ ಪರೀಕ್ಷೆಯ ದಿನ ಚೆಲುವಮ್ಮ ಹಂದಿ ಓಡಿಸಲು ಡಬ್ಬ ಬಡಿದು ಕೂಗಿದಳು. ಪ್ರೋಗ್ರಾಂ ಯೋಚಿಸಿ, ತೊಂಬತ್ತೊಂದು ಪರ್ಸೆಂಟ್ ಆನೆ ಎಂದು ತೀರ್ಪು ಕೊಟ್ಟು ಊರಿನ ಫೋನುಗಳನ್ನೆಲ್ಲ ಕುಣಿಸಿತು.

“ಲೇ ಮಾದು, ನನ್ನೇ ಆನೆ ಅಂತದಾ ಅದು?” ಚೆಲುವಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಆ ಮಿಷಿನ್‌ಗೆ ನನ್ ಪೊರಕೆ ತೋರುಸ್ಬೇಕಾ?”

ಹಾಗಾಗಿ ಮೇಡಂ ಎದುರಿನ ಕೊನೆಯ ಪರೀಕ್ಷೆಗೆ ಮಾತ್ರ ಯಾರೂ ಡಬ್ಬ ಬಡಿಯಬಾರದು, ಕೂಗಬಾರದು ಎಂದಾಯಿತು. ಮನೆಮನೆಗೆ ಹೇಳುವ ಕೆಲಸ ಚಿನ್ನಸ್ವಾಮಿಗೆ ಬಿತ್ತು. ಕಾಲೇಜಿನಲ್ಲಿ ಅವನು ಅಟೆಂಡರ್. ಊರಿನಲ್ಲಿ ಅವನೇ ಕಾಲೇಜು.

“ಕಾಲೇಜೋರು ಏಳವ್ರೆ ಅಂದ್ಮೇಕೆ ಕೆಮ್ಮಾದೂ ಇಲ್ಲ ಬುಡು,” ಅಂದ ಪಕ್ಕದ ಹೊಲದ ಕೆಂಚಯ್ಯ. ಅಷ್ಟಕ್ಕೇ ನಿಲ್ಲಲಿಲ್ಲ. ಮರೆತು ಬಡಿದುಬಿಟ್ಟೇವು ಎಂದು ಊರವರು ಡಬ್ಬಗಳನ್ನೇ ಬಿಚ್ಚಿ ಮನೆಗೆ ಒಯ್ದರು. ತನ್ನ ಹೊಲದ್ದನ್ನು ಚಿನ್ನಸ್ವಾಮಿ ತಾನೇ ಬಿಚ್ಚಿದ. ಹೆಂಡತಿಗೆ ಮೂರು ಸಲ ಹೇಳಿದ: “ನೋಡಮ್ಮಿ, ಇವತ್ತು ಉಸುರ್ ಎತ್ತಬ್ಯಾಡ. ಮೇಡಂ ಬತ್ತಾರೆ.”

ಶನಿವಾರ ಸಂಜೆ ಐದೂವರೆ. ಚಿನ್ನಸ್ವಾಮಿಯ ಹೊಲದ ಬದುವಿನಾಚೆ ಕೆಂಚಯ್ಯನ ಕಣದಲ್ಲಿ ಮೇಜು, ಮೇಜಿನ ಮೇಲೆ ಲ್ಯಾಪ್‌ಟಾಪು, ಎದುರಿಗೆ ಮೇಡಂ. ಅವರಿಗೆ ಕೊಟ್ಟು ಕಳಿಸಲೆಂದು ಚೆಲುವಮ್ಮ ಹೊಲದಲ್ಲಿ ಅವರೆಕಾಯಿ ಕೀಳುತ್ತಿದ್ದಳು. ಪರದೆಯ ಮೇಲೆ ಹಸಿರು ಗೆರೆ ಅಲುಗದೆ ಮಲಗಿತ್ತು.

“ಸೂಪರ್ ಮೇಡಂ, ನಾಯ್ಸೇ ಇಲ್ಲ,” ಅಂದ ಮಾದು.

ಟೀ ಟ್ರೇ ಹಿಡಿದಿದ್ದ ಚಿನ್ನಸ್ವಾಮಿಗೆ ಆ ಮೌನವೇ ಸರಿಬರಲಿಲ್ಲ. ಇಷ್ಟು ಸದ್ದಿಲ್ಲದ ಲೊಕ್ಕನಹಳ್ಳಿಯನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಗಾಡಿಯ ಕೆಳಗಿದ್ದ ನಾಯಿ ಎದ್ದು, ಬಾಲ ಮುದುರಿ, ಊರ ಕಡೆ ನಡೆಯಿತು. ಗಾಳಿ ಇರಲಿಲ್ಲ. ಆದರೂ ಕಾಡಂಚಿನ ಜೋಳದ ತಲೆಗಳು ಎರಡು ಪಾಲಾಗಿ ಸರಿಯುತ್ತಿದ್ದವು. ನಡುವೆ ಬೂದು ಬಣ್ಣದ ಒಂದು ಗೋಡೆ. ಚೆಲುವಮ್ಮನ ಬೆನ್ನಿಗೂ ಅದಕ್ಕೂ ಮೂವತ್ತು ಹೆಜ್ಜೆ.

ಅವನು ಪರದೆ ನೋಡಿದ. ಗೆರೆ ಮಲಗಿಯೇ ಇತ್ತು. ಸೊನ್ನೆ ಪರ್ಸೆಂಟ್.

ಬಾಯಿ ತೆರೆದ. ಮಾತು ಎಂದಿನ ಜಾಗಕ್ಕೆ ಬಂದು ಎಂದಿನಂತೆ ನಿಂತಿತು. ಮರ ನೋಡಿದ, ಹಗ್ಗ ನೇತಾಡುತ್ತಿತ್ತು, ಡಬ್ಬ ಇರಲಿಲ್ಲ. ಇಪ್ಪತ್ತೈದು ಹೆಜ್ಜೆ. ಇಪ್ಪತ್ತು. ಕೈ ತಾನಾಗಿ ಟ್ರೇ ಬೋರಲು ಹಾಕಿತು. ಬಿಸಿ ಟೀ ಕಾಲಿಗೆ ಬಿದ್ದದ್ದು ತಿಳಿಯಲಿಲ್ಲ. ಲೋಟದಿಂದ ಟ್ರೇ ಬಡಿದ, ಬಡಿದ ಮೇಲೆ ಗಂಟಲು ಒಡೆಯಿತು.

“ಚೆಲೀ! ಆನೇ! ಇಂದೆ ಆನೇ!”

ಚೆಲುವಮ್ಮ ಅವನತ್ತ ತಿರುಗಿದಳು. ಕಣ್ಣು ಕೆಕ್ಕರಿಸಿ, ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿದಳು.

ಮೂರು ಸಲ ಹೇಳಿದ್ದನಲ್ಲ. ಅವಳು ಮಾತು ಉಳಿಸಿಕೊಂಡಳು.

ಚಿನ್ನಸ್ವಾಮಿ ಬದು ಹಾರಿ ಹೊಲಕ್ಕೆ ನುಗ್ಗಿದ. ಆನೆಯ ಕಡೆಗೆ ಓಡುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಹಿಂದೆ ಕೆಂಚಯ್ಯ ಕೂಗೆತ್ತಿದ, ಅವನಾಚೆ ಇನ್ನೊಬ್ಬರು, ಅದರಾಚೆ ಮತ್ತೊಬ್ಬರು. ಆಗ ಚೆಲುವಮ್ಮ ಹಿಂದಕ್ಕೆ ನೋಡಿದಳು. ಮಡಿಲ ಕಾಯಿ ಚೆಲ್ಲಿ ಅವಳು ಓಡಿ ಬರುವಷ್ಟರಲ್ಲಿ ಆನೆ ಕಿವಿ ಅಗಲಿಸಿ ಎರಡು ಹೆಜ್ಜೆ ಇಟ್ಟಿತು. ನಿಂತಿತು. ಕೂಗು ನಾಲ್ಕೂ ಕಡೆಯಿಂದ ಮುತ್ತಿತ್ತು. ಹೊರಳಿ, ಘೀಳಿಟ್ಟು, ಬಿದಿರು ಬೇಲಿ ಲಟಲಟ ಮುರಿದು ಕಾಡಿಗೆ ಹೋಯಿತು.

ಆಗ ಎಲ್ಲರ ಜೇಬಿನಲ್ಲೂ ಫೋನುಗಳು ಹೊಡೆದುಕೊಂಡವು. ‘ಎಚ್ಚರಿಕೆ, ಆನೆ ಬಂದಿದೆ.’ ತೊಂಬತ್ತೆಂಟು ಪರ್ಸೆಂಟ್.

ಯಾರೂ ನಗಲಿಲ್ಲ. ಪದ್ಮಿನಿ ಮೇಡಂ ನೆಲದ ಮೇಲೆ ಕೂತುಬಿಟ್ಟಿದ್ದರು. ಹೊಲದಿಂದ ಬಂದ ಚಿನ್ನಸ್ವಾಮಿಯನ್ನು ಕೇಳಿದರು: “ಆನೆ ಬರೋವಾಗ ಸದ್ದೇ ಮಾಡಲ್ಲ. ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು ಮೇಡಂ, ನಮ್ಮಪ್ಪ ಏಳ್ತಿದ್ದ. ಅವತ್ತು ಟೀ ತಂದಾಗ್ಲೇ ಗೊತ್ತಿತ್ತು.”

“ಯಾಕೆ ಹೇಳಲಿಲ್ಲ?”

“ನಿಮ್ ಕಂಡ್ರೆ ಭಯ.”



ಕತ್ತಲಾಗುವ ಮುಂಚೆ ಚೆಲುವಮ್ಮ ಮನೆಯಿಂದ ಡಬ್ಬ ತಂದು ಮರಕ್ಕೆ ಕಟ್ಟತೊಡಗಿದಳು. ಗಂಟು ಬಿಚ್ಚಿಹೋಯಿತು. ಇನ್ನೊಮ್ಮೆ ಹಾಕಿದಳು. ಅದೂ ಬಿಚ್ಚಿತು. ಅವನು ಹಗ್ಗ ಹಿಡಿದುಕೊಂಡ.

“ಇನ್ನೊಂದ್ಸಲ ಇದ ಬಿಚ್ಚು, ನಿನ್ ಕೈ ಮುರ್ದಾಕ್ತೀನಿ,” ಅಂದಳು. ಆಮೇಲೆ, “ಕಾಲು ಸುಟ್ಟದಲ್ಲ, ನೋಡ್ಕಂಡಾ?”

ಹಿಂದೆ ದೀಪ ಬಂದು ನಿಂತಿದ್ದಳು. ಅತ್ತಿದ್ದಳೇನೋ, ಮೂಗು ಕಟ್ಟಿತ್ತು. “ಸಾ, ಮೈಕು ಬಿಚ್ಚಾಕ್ತೀವಿ. ಕಂಡೋರು ಒತ್ತಾಕೆ ಮರಮರಕ್ಕೂ ಒಂದ್ ಬಟನ್ ಸಾಕು. ನಿಮ್ ಅಪ್ಪ ಆನೆ ಬಗ್ಗೆ ಇನ್ನೇನೇನ್ ಏಳ್ತಿದ್ರು? ಎಲ್ಲಾನೂ ಏಳಿ, ಬರ್ಕತೀನಿ.”

“ಏಳ್ತೀನವ್ವ. ಡಬ್ಬ ಮಾತ್ರ ಬಿಚ್ಚಾಕಿಲ್ಲ,” ಅಂದ ಚಿನ್ನಸ್ವಾಮಿ. ಕಾಡಿನ ಕಡೆಯಿಂದ ಕಣ್ಣು ತೆಗೆಯದೆ ಮೊದಲಿನಿಂದ ಶುರುಮಾಡಿದ. ಜೋಳದ ಒಂದು ಗರಿಯೂ ಅಲುಗುತ್ತಿರಲಿಲ್ಲ, ಅಲ್ಲಿಂದ ಒಂದು ಸದ್ದೂ ಇರಲಿಲ್ಲ. ಅದಕ್ಕೇ ಮೂವರೂ ಅತ್ತಲೇ ನೋಡುತ್ತ ನಿಂತಿದ್ದರು.