ಅಕ್ಕನ ಕಣ್ಣಿಗೆ ಕಟ್ಟಿದ ಯಂತ್ರ

ನನ್ನ ಅಕ್ಕ ತಾಂಬಾದ ಶಾಲೆಯೊಂದರಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದಳು. ನಲವತ್ತು ದಾಟಿದ ಮೇಲೆ ಅವಳ ಕಣ್ಣಿನ ಪರದೆ ಸವೆಯತೊಡಗಿತು. ಮೊದಲು ಪುಸ್ತಕದ ಸಣ್ಣಕ್ಷರಗಳು ಕಾಣದಾದವು, ಆಮೇಲೆ ಬೋರ್ಡಿನ ಮೇಲೆ ತಾನೇ ಬರೆದದ್ದು ಮಸುಕಾಯಿತು. ಇದಕ್ಕೆ ಔಷಧಿಯಿಲ್ಲ ಎಂದರು ವೈದ್ಯರು.

ನಾನು ಇಂಡಿಯಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಕಪ್ಪು ಹಿನ್ನೆಲೆಯಲ್ಲಿ ದಪ್ಪ ಬಿಳಿ ಗೆರೆ ಎಳೆದರೆ ಅಕ್ಕನಿಗೆ ಇನ್ನೂ ಕಾಣುತ್ತಿತ್ತು. ಹಾಗಾಗಿ ಕ್ಯಾಮೆರಾ ನೋಡಿದ್ದನ್ನು ಬರೀ ಅಂಚುಗಳಾಗಿ ಮಾಡಿ, ಕಣ್ಣ ಮುಂದಿನ ಪುಟ್ಟ ಪರದೆಗೆ ಕಳಿಸುವ ಕನ್ನಡಕ ಮಾಡೋಣ ಅಂದುಕೊಂಡೆ. ಮೊದಲು ಲ್ಯಾಪ್‌ಟಾಪಿನಲ್ಲಿ ಮಾಡಿದೆ. ಅಕ್ಕ ಹಾಕಿಕೊಂಡು, ಸ್ಲೇಟಿನ ಮೇಲೆ ಬಳಪ ಎಳೆದು, ತಕ್ಷಣ ತೆಗೆದಿಟ್ಟಳು.

“ಕೈ ಮುಂದ ಹೋಗತೈತಿ, ಚಿತ್ರ ಹಿಂದಿಂದ ಬರತೈತಿ. ತಲಿ ತಿರಗತೈತೋ ತಮ್ಮಾ.”

ಲ್ಯಾಪ್‌ಟಾಪು ಇಡೀ ಚಿತ್ರ ಬಂದ ಮೇಲೆ ಕೆಲಸ ಶುರು ಮಾಡುತ್ತಿತ್ತು. ಆ ತಡವನ್ನು ತೆಗೆಯಲು ಎಫ್‌ಪಿಜಿಎ ಬೋರ್ಡಿಗೆ ಕೈಹಾಕಿದೆ. ಅದರ ಚಿಪ್ಪಿನೊಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬಬಹುದು. ಕ್ಯಾಮೆರಾದಿಂದ ಬರುವ ಸಾಲುಗಳಲ್ಲಿ ಮೂರನ್ನಷ್ಟೇ ಹಿಡಿದಿಟ್ಟು, ಅಕ್ಕಪಕ್ಕದ ಚುಕ್ಕಿಗಳನ್ನು ಹೋಲಿಸಿ, ಮುಂದಿನ ಸಾಲು ಬರುವಷ್ಟರಲ್ಲಿ ಅಂಚನ್ನು ಹೊರಗೆ ಕಳಿಸುವಂತೆ ಬರೆದೆ. ಹೇಳಿದಷ್ಟು ಸುಲಭವಿರಲಿಲ್ಲ. ಚಿತ್ರ ಹರಿದು ಎರಡಾಗುತ್ತಿತ್ತು, ಒಮ್ಮೊಮ್ಮೆ ಮೇಲಕ್ಕೆ ಉರುಳುತ್ತಿತ್ತು. ಸಣ್ಣ ಬದಲಾವಣೆ ಮಾಡಿದರೂ ಕಂಪ್ಯೂಟರು ಇಡೀ ಸರ್ಕ್ಯೂಟನ್ನು ಮತ್ತೆ ಕಟ್ಟುವವರೆಗೆ ತಾಸುಗಟ್ಟಲೆ ಕಾಯಬೇಕಿತ್ತು. ಪ್ರತಿ ಭಾನುವಾರ ಅಕ್ಕ ಬಸ್ಸಿನಲ್ಲಿ ಬಂದು, ಲ್ಯಾಬಿನ ಸ್ಟೂಲಿನ ಮೇಲೆ ಕೂತು, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಟ್ಟು ಕಾಯುತ್ತಿದ್ದಳು.

ಒಂಬತ್ತು ತಿಂಗಳ ಮೇಲೆ ಒಂದು ದಿನ ಅವಳು ‘ಅ’ ಬರೆದಳು. ಬಳಪದ ಜೊತೆಜೊತೆಗೇ ಗೆರೆ ಓಡಿತು. ಒರೆಸಿದಳು, ಮತ್ತೆ ಬರೆದಳು. ಆಮೇಲೆ ತಲೆಯೆತ್ತಿ ನನ್ನತ್ತ ನೋಡಿದಳು.

“ನಿನ್ನ ಮಾರಿ ಬರೇ ಗೆರಿ ಆಗೈತಿ. ಇರಲಿ ಬಿಡು, ನೀ ಹೆಂಗ ಅದೀ ಅಂತ ನನಗ ಗೊತ್ತೈತಿ,” ಎಂದು ನಕ್ಕಳು.

ಒಂದು ವರ್ಷ ಅದನ್ನು ಕಟ್ಟಿಕೊಂಡೇ ಪಾಠ ಮಾಡಿದಳು. ಆಮೇಲೆ ಒಂದು ಮಧ್ಯಾಹ್ನ, ನೆರೆಮನೆಯ ಹುಡುಗನ ಕೈ ಹಿಡಿದು, ಹೇಳದೆ ಕೇಳದೆ ಲ್ಯಾಬಿಗೆ ಬಂದಳು.

“ಇದು ಕೆಟ್ಟೈತಿ ನೋಡೋ. ಎರಡು ದಿನ ಆತು, ಏನೂ ಕಾಣವಲ್ದು.”

ಕನ್ನಡಕವನ್ನು ನಾನೇ ಹಾಕಿಕೊಂಡೆ. ಮೇಜು, ಕಿಟಕಿಯ ಸರಳು, ರೊಟ್ಟಿಯ ಗಂಟು ಎಲ್ಲ ಬೆಳ್ಳಗೆ, ಸ್ಪಷ್ಟವಾಗಿ ಕಂಡವು. ನನ್ನ ಮಾತಿಗೆ ಕಾದು ಕೂತ ಅಕ್ಕನ ಮುಖವೂ ಕಂಡಿತು.

“ಹೌದಕ್ಕಾ, ಕೆಟ್ಟೈತಿ. ಬಿಟ್ಟು ಹೋಗು, ಮಾಡಿಕೊಡ್ತೇನಿ,” ಅಂದೆ.

ಮೂರು ವಾರ ಅವಳು ಫೋನ್ ಮಾಡುತ್ತಲೇ ಇದ್ದಳು. ಕ್ಯಾಮೆರಾ ಬರಬೇಕು, ತಂತಿ ಬರಬೇಕು ಎಂದು ನಾನು ಸುಳ್ಳು ಹೇಳುತ್ತಲೇ ಇದ್ದೆ. ಅವಳ ಕಣ್ಣಿಗೆ ಇನ್ನು ಕಾಣದೆಂದು ಗೊತ್ತಿದ್ದೂ ಗೆರೆಗಳನ್ನು ಇನ್ನೂ ದಪ್ಪ ಮಾಡಿ ತಾಂಬಾಕ್ಕೆ ಒಯ್ದೆ. ಅಕ್ಕ ಹಾಕಿಕೊಂಡು ಮುಖದ ಮುಂದೆ ಕೈ ಆಡಿಸಿದಳು. ತೆಗೆದು ನನ್ನ ಕೈಗೇ ಇಟ್ಟಳು.

“ಇದು ಕೆಟ್ಟಿರಲಿಲ್ಲ, ಹೌದಲ್ಲೋ?”

ನಾನು ಕನ್ನಡಕದ ತಂತಿ ಸುತ್ತಿ ಚೀಲಕ್ಕೆ ಹಾಕತೊಡಗಿದೆ.

“ಮೊದಲನೇ ದಿನಾನ ಗೊತ್ತಿತ್ತು ನನಗ. ಆದ್ರ ನೀ ಮಾಡಾಕತ್ತೇನಿ ಅಂದಾಗ ಒಂದೀಟು ಧೈರ್ಯ ಬರ್ತಿತ್ತು. ಅದಕ್ಕ ಫೋನ್ ಮಾಡ್ತಿದ್ದೆ.”

ನಾನು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ಸವರುತ್ತ ಕೂತಳು.

ಆ ತಿಂಗಳೇ ಸ್ವಯಂ ನಿವೃತ್ತಿಗೆ ಅರ್ಜಿ ಬರೆಸಿದಳು. ಅದನ್ನು ನಾನೇ ಓದಿ ಹೇಳಿದೆ, ಸಹಿಯ ಜಾಗಕ್ಕೆ ಅವಳ ಬೆರಳು ಹಿಡಿದು ಮುಟ್ಟಿಸಿದೆ. ಅರ್ಜಿ ಕೊಡಲು ಇಬ್ಬರೂ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿ ಅರ್ಜಿ ತೆಗೆದುಕೊಂಡು, “ಹುಡುಗರನ್ನ ಕರೀಲ್ರೀ ಟೀಚರ್?” ಎಂದು ಕೇಳಿದರು.

“ಬ್ಯಾಡ್ರಿ, ಪಾಠ ನಡದೈತಿ,” ಅಂದಳು ಅಕ್ಕ.

ಹೊರಗೆ ಬರುವಾಗ ಒಂದನೇ ತರಗತಿಯ ಬಾಗಿಲ ಹತ್ತಿರ ಅವಳು ನಿಂತಳು. ಒಳಗೆ ಯಾರೋ ಹೊಸಬರು ಕಾಗುಣಿತ ಹೇಳಿಸುತ್ತಿದ್ದರು. ನನ್ನ ಮೊಣಕೈ ಹಿಡಿದುಕೊಂಡು, ಅದು ಮುಗಿಯುವವರೆಗೂ ಅಕ್ಕ ಗೋಡೆಗೆ ಒರಗಿ ಕೇಳುತ್ತಿದ್ದಳು.